ಸಂಧ್ಯಾ ಸುರಕ್ಷೆಯೋ, ಅಂಗವಿಕಲರ ಮಾಸಾಶನವೋ? ವಯಸ್ಸಾದ ಮೇಲೆ ವೈಕಲ್ಯ ಬಂದವರ ಮನೆಯವರಿಗೆ

ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ಹಿರಿಯರು ಇರುವ ಮನೆಗೆ ಹೋಗಿ ‘ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿದ್ದೀರಾ?’ ಎಂದು ಕೇಳಿ. ಬಹಳಷ್ಟು ಕಡೆ ಮನೆಯವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ, ‘ಅಯ್ಯೋ, ಅವರನ್ನು ಅಂಗವಿಕಲರು ಎಂದು ಹೇಳುವುದು ಹೇಗೆ? ವಯಸ್ಸಾಗಿದೆ ಅಷ್ಟೆ’ ಎನ್ನುತ್ತಾರೆ. ಹುಟ್ಟಿನಿಂದ ಬಂದದ್ದು, ಪೋಲಿಯೊದಿಂದ ಬಂದದ್ದು, ಅಪಘಾತದಲ್ಲಿ ಆದದ್ದು ಮಾತ್ರ ಅಂಗವೈಕಲ್ಯ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಎಪ್ಪತ್ತರಲ್ಲಿ ಕಣ್ಣು ಹೋದರೆ, ಕಿವಿ ಹೋದರೆ, ಸೊಂಟ ಮುರಿದರೆ ಅದೆಲ್ಲ ಮುಪ್ಪಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಕಾನೂನು ಹಾಗೆ ಲೆಕ್ಕ ಹಾಕುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಯಾವುದಕ್ಕೂ ‘ಇಷ್ಟು ವಯಸ್ಸಿನ ಒಳಗೆ ಬಂದಿರಬೇಕು’ ಎಂಬ ಷರತ್ತು ಹಾಕಿಲ್ಲ. ಪಾರ್ಕಿನ್ಸನ್ಸ್ ಕಾಯಿಲೆಯ ಹೆಸರು ಆ ಪಟ್ಟಿಯಲ್ಲಿಯೇ ಇದೆ, ಅದು ಹೆಚ್ಚಾಗಿ ಕಾಡುವುದು ಇಳಿವಯಸ್ಸಿನವರನ್ನು. ಮರೆಗುಳಿತನದ ಕಾಯಿಲೆ, ಅಂದರೆ ಡಿಮೆನ್ಶಿಯ, ಆ ಹೆಸರಿನಲ್ಲಿ ಪಟ್ಟಿಯಲ್ಲಿಲ್ಲ. ಆದರೆ ಮಾನಸಿಕ ಅಸ್ವಸ್ಥತೆಗೆ ಕಾಯ್ದೆ ಕೊಡುವ ವ್ಯಾಖ್ಯೆಯಲ್ಲಿ ನೆನಪಿನ ಶಕ್ತಿ ಮತ್ತು ದಿಕ್ಕು-ಕಾಲದ ಅರಿವು ತೀವ್ರವಾಗಿ ಕೆಡುವುದೂ ಸೇರಿದೆ. ಆ ಬಾಗಿಲಿನಿಂದ ಅರ್ಜಿ ಹಾಕಬಹುದು.

ಕರ್ನಾಟಕದ ಒಂದು ಕುಟುಂಬ ತನ್ನ ಹಿರಿಯರಿಗಾಗಿ ಯಾವ ದಾರಿ ಹಿಡಿಯಬೇಕು ಎಂಬುದನ್ನು ಇಲ್ಲಿ ಹೋಲಿಸಿ ನೋಡುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದಿದೆ. ‘ನಮಗೆ ಈಗಾಗಲೇ ವಯಸ್ಸಾದವರ ಪಿಂಚಣಿ ಬರುತ್ತಿದೆ, ಆದ್ದರಿಂದ ಅಂಗವೈಕಲ್ಯದ ಕಾರ್ಡ್ ಮಾಡಿಸುವಂತಿಲ್ಲ’ ಎಂದು ನಂಬಿದವರನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಇದು ತಪ್ಪು. ಪ್ರಮಾಣಪತ್ರವೇ ಬೇರೆ, ಮಾಸಾಶನವೇ ಬೇರೆ. ಎರಡು ಮಾಸಾಶನಗಳನ್ನು ಒಟ್ಟಿಗೆ ಪಡೆಯುವಂತಿಲ್ಲ ಎಂಬುದು ನಿಜ. ಆದರೆ ಒಂದು ಮಾಸಾಶನ ಮತ್ತು ಒಂದು ಅಂಗವೈಕಲ್ಯ ಕಾರ್ಡ್ ಒಟ್ಟಿಗೆ ಇರುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ತಿಂಗಳ ಹಣದ ಲೆಕ್ಕ

ಮಾಸಾಶನದ ಮೊತ್ತವನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ. ಕೊನೆಯದಾಗಿ ದೊಡ್ಡ ಬದಲಾವಣೆ ಆದದ್ದು 2021ರಲ್ಲಿ. ಆ ಪರಿಷ್ಕರಣೆಯ ಪ್ರಕಾರ, 65 ತುಂಬಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ₹1,200. ಅರವತ್ತರಿಂದ ಅರವತ್ನಾಲ್ಕರವರೆಗಿನವರಿಗೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ₹800. ಅಂಗವಿಕಲರ ಮಾಸಾಶನದಲ್ಲಿ ವೈಕಲ್ಯ ಶೇ 40ರಿಂದ 74ರವರೆಗೆ ಇದ್ದರೆ ₹800, ಶೇ 75 ಅಥವಾ ಮೇಲ್ಪಟ್ಟರೆ ₹1,400. ಬುದ್ಧಿಮಾಂದ್ಯತೆ ಇರುವವರಿಗೆ ಪ್ರತ್ಯೇಕವಾಗಿ ₹2,000. ವಾರ್ಷಿಕ ಆದಾಯ ₹32,000 ಮೀರಿರಬಾರದು ಎಂಬ ಮಿತಿಯೂ ಇದೆ. ಅರ್ಜಿ ಹಾಕುವ ದಿನ ನಾಡಕಚೇರಿಯಲ್ಲಿ ಆಗಿನ ಮೊತ್ತವನ್ನು ಕೇಳಿಕೊಳ್ಳಿ, ಹೋಲಿಸುವ ಕ್ರಮ ಬದಲಾಗುವುದಿಲ್ಲ.

ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಕಾಣುವುದೇನು? ಅರವತ್ತೇಳು ವರ್ಷದ, ಶೇ 60 ವೈಕಲ್ಯ ಇರುವ ಒಬ್ಬ ತಾಯಿ ಅಂಗವಿಕಲರ ಮಾಸಾಶನ ಆರಿಸಿಕೊಂಡರೆ ತಿಂಗಳಿಗೆ ನಾನೂರು ರೂಪಾಯಿ ಕಳೆದುಕೊಳ್ಳುತ್ತಾರೆ. ಅವರಿಗೆ ಸಂಧ್ಯಾ ಸುರಕ್ಷೆಯೇ ಸರಿ. ಅದೇ ತಾಯಿಯ ವೈಕಲ್ಯ ಶೇ 75 ಇದ್ದರೆ ಅಂಗವಿಕಲರ ಮಾಸಾಶನದಲ್ಲಿ ಇನ್ನೂರು ರೂಪಾಯಿ ಹೆಚ್ಚು ಸಿಗುತ್ತದೆ. ಅರವತ್ತೊಂದು, ಅರವತ್ತೆರಡರ ವಯಸ್ಸಿನವರ ಲೆಕ್ಕವೇ ಬೇರೆ: ವೈಕಲ್ಯ ಶೇ 74ರವರೆಗೆ ಎರಡೂ ಕಡೆ ₹800, ಯಾವುದಾದರೂ ಒಂದೇ. ಶೇ 75 ದಾಟಿದರೆ ₹800 ಎದುರಿಗೆ ₹1,400. ಈ ವಯಸ್ಸಿನವರಿಗೆ ಪ್ರಮಾಣಪತ್ರದಲ್ಲಿ ಬರೆಯುವ ಆ ಎರಡಂಕಿ ಎಲ್ಲಕ್ಕಿಂತ ಮುಖ್ಯ.

ಅರವತ್ತು ತುಂಬದವರಿಗೆ ಆಯ್ಕೆಯೇ ಇಲ್ಲ, ಅಂಗವಿಕಲರ ಮಾಸಾಶನವೊಂದೇ ದಾರಿ. ಹಾಗೆ ಐವತ್ತೆಂಟರಲ್ಲಿ ಶೇ 50 ವೈಕಲ್ಯಕ್ಕೆ ₹800 ಪಡೆಯಲು ಶುರು ಮಾಡಿದವರು 65 ತುಂಬಿದ ದಿನವೇ ಸಂಧ್ಯಾ ಸುರಕ್ಷೆಯ ಕಡೆಗೆ ನೋಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಯಾರಾದರೂ ಮನೆ ಬಾಗಿಲಿಗೆ ಬಂದು ‘ನಿಮಗೆ ಈಗ ಹೆಚ್ಚು ಸಿಗುವ ಯೋಜನೆ ಇದೆ’ ಎಂದು ತಿಳಿಸುತ್ತಾರೆ ಎಂದು ಕಾಯುತ್ತ ಕೂರಬೇಡಿ.

ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅದೇ 2016ರ ಕಾಯ್ದೆಯ 24ನೆಯ ಕಲಮು, ಅಂಗವಿಕಲರಿಗೆ ಕೊಡುವ ನೆರವು ಅದೇ ಬಗೆಯ ಯೋಜನೆಗಳಲ್ಲಿ ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದು ಹೇಳುತ್ತದೆ. ಸಂಧ್ಯಾ ಸುರಕ್ಷೆಯ ₹1,200ಕ್ಕೆ ಶೇ 25 ಸೇರಿಸಿದರೆ ₹1,500. ಅರ್ಧ ದೇಹ ಸ್ವಾಧೀನ ತಪ್ಪಿದ ಹಿರಿಯರಿಗೆ ಅಂಗವಿಕಲರ ಯೋಜನೆ ಕೊಡುವುದು ಅದಕ್ಕಿಂತ ಕಡಿಮೆ. ಶೇ 74ರ ಒಳಗಿನವರಿಗಂತೂ ಅದರ ಅರ್ಧದ ಹತ್ತಿರ. ಗೋಡೆ ಹಿಡಿದು ಬಚ್ಚಲಿಗೆ ಹೋಗುವ ಮುದುಕಿಗೆ ‘ನೀನು ಅಂಗವಿಕಲೆ’ ಎಂದು ಸಾಬೀತು ಮಾಡಿದರೆ ನಾನೂರು ರೂಪಾಯಿ ಕಡಿಮೆ ಎಂಬ ವ್ಯವಸ್ಥೆ ಕಾಯ್ದೆಯ ಆಶಯಕ್ಕೆ ಹೊಂದುವುದಿಲ್ಲ. ಅದು ಸರಿಯಾಗುವವರೆಗೆ ನಾವು ಮಾಡಬಹುದಾದದ್ದು ಲೆಕ್ಕ ಹಾಕಿ ಹೆಚ್ಚು ಸಿಗುವುದನ್ನು ಆರಿಸಿಕೊಳ್ಳುವುದು.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವವರಿಗೆ ಒಂದು ಎಚ್ಚರಿಕೆ. ಆಧಾರ್ ಜೋಡಣೆ ಆಗಿರುವುದರಿಂದ ಎರಡು ಕಡೆ ಹೆಸರು ಇದ್ದರೆ ಸಿಕ್ಕಿಬೀಳುತ್ತದೆ, ಆದ್ದರಿಂದ ಹಳೆಯದನ್ನು ಬಿಡಲೇಬೇಕು. ಆದರೆ ‘ಮೊದಲು ಹಳೆಯದು ರದ್ದಾಗಲಿ, ಆಮೇಲೆ ನೋಡೋಣ’ ಎಂಬ ಬಾಯಿಮಾತಿಗೆ ಒಪ್ಪಬೇಡಿ. ಹಳೆಯ ಮಾಸಾಶನದ ಮಂಜೂರಾತಿ ಸಂಖ್ಯೆಯನ್ನು ಬರೆದು, ಹೊಸದಕ್ಕೆ ವರ್ಗಾಯಿಸಬೇಕು ಎಂದು ಒಂದೇ ಅರ್ಜಿಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ನನ್ನ ಪರಿಚಯದ ಒಬ್ಬ ಹಿರಿಯರು ಇನ್ನೂರು ರೂಪಾಯಿ ಹೆಚ್ಚಿನ ಆಸೆಗೆ ಹಳೆಯದನ್ನು ಮೊದಲೇ ನಿಲ್ಲಿಸಿಕೊಂಡು, ಹೊಸದು ಬರುವವರೆಗೆ ಐದು ತಿಂಗಳು ಬರಿಗೈಯಲ್ಲಿ ಕೂತರು. ಔಷಧಿಗೆ ಮಗಳ ಮುಂದೆ ಕೈಚಾಚಬೇಕಾಯಿತು ಎಂಬುದು ಅವರಿಗೆ ಹಣಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಶೇಕಡಾವಾರು ಎಂಬ ಆ ಎರಡಂಕಿ

ಸಂಧ್ಯಾ ಸುರಕ್ಷೆಗೆ ವಯಸ್ಸಿನ ದಾಖಲೆ ಮತ್ತು ಆದಾಯದ ದಾಖಲೆ ಸಾಕು. ಅಂಗವೈಕಲ್ಯದ ದಾರಿಯಲ್ಲಿ ದೇಹವೇ ದಾಖಲೆಯಾಗಬೇಕು. ಎರಡು ದಾರಿಗಳ ನಡುವಿನ ನಿಜವಾದ ಕಷ್ಟದ ವ್ಯತ್ಯಾಸ ಇರುವುದು ಇಲ್ಲಿಯೇ. ಹಿರಿಯರನ್ನು ವಾಹನದಲ್ಲಿ ಕೂರಿಸಿಕೊಂಡು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು, ಸರದಿಯಲ್ಲಿ ಕಾಯಬೇಕು, ಅಪರಿಚಿತ ವೈದ್ಯರ ಮುಂದೆ ತಮ್ಮ ಅಸಹಾಯಕತೆಯನ್ನು ತೋರಿಸಬೇಕು.

ನನ್ನ ಸೋದರತ್ತೆಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆಗಿತ್ತು. ಒಂದು ವರ್ಷದಿಂದ ಅವರು ಮನೆಯ ಮೆಟ್ಟಿಲು ಇಳಿದಿರಲಿಲ್ಲ. ತಪಾಸಣೆಯ ದಿನ ಬೆಳಗ್ಗೆ ಎದ್ದು ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಸಿಕೊಂಡು ಹೊರಟರು. ವೈದ್ಯರು ‘ಮೆಟ್ಟಿಲು ಹತ್ತುತ್ತೀರಾ ಅಮ್ಮ?’ ಎಂದು ಕೇಳಿದಾಗ ‘ಹತ್ತುತ್ತೇನೆ’ ಎಂದರು. ‘ನೆಲದ ಮೇಲೆ ಕೂರುತ್ತೀರಾ?’ ‘ಕೂರುತ್ತೇನೆ, ಸ್ವಲ್ಪ ಕಷ್ಟ.’ ಪಕ್ಕದಲ್ಲಿ ನಿಂತಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಕೈ ಅದುಮಿದರು. ಪ್ರಮಾಣಪತ್ರದಲ್ಲಿ ಬಂದದ್ದು ಶೇ 38. ನಲವತ್ತಕ್ಕೆ ಎರಡು ಕಡಿಮೆ, ಯಾವ ಪ್ರಯೋಜನಕ್ಕೂ ಬಾರದ ಅಂಕಿ. ಅವರು ಸುಳ್ಳು ಹೇಳಿದ್ದಲ್ಲ. ಜೀವಮಾನವೆಲ್ಲ ಯಾರಿಗೂ ಹೊರೆಯಾಗದೆ ಬದುಕಿದ ಹೆಂಗಸು ಹೊರಗಿನವರ ಮುಂದೆ ತನ್ನ ಮರ್ಯಾದೆ ಉಳಿಸಿಕೊಂಡರು ಅಷ್ಟೆ.

ಆದ್ದರಿಂದ ಆಸ್ಪತ್ರೆಗೆ ಹೋಗುವ ಮೊದಲೇ ಮನೆಯಲ್ಲಿ ಕೂತು ಮಾತಾಡಿ. ವೈದ್ಯರು ಏನನ್ನು ಅಳೆಯುತ್ತಾರೆ ಎಂಬುದನ್ನು ಹಿರಿಯರಿಗೆ ಮುಂಚೆಯೇ ತಿಳಿಸಿ. ಕಾಲಿನ ವೈಕಲ್ಯಕ್ಕೆ ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿನ ಬಲ ಎಷ್ಟು ಎಂಬುದರ ಜೊತೆಗೆ ಕೆಲವು ಸರಳ ಚಲನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ: ಸಮತಟ್ಟು ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲಿನ ಮೇಲೆ ನಿಲ್ಲುವುದು, ನೋವಿರುವ ಕಾಲಿನ ಮೇಲೆ ಮಾತ್ರ ನಿಲ್ಲುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಚಕ್ಕಂಬಟ್ಟಲು ಹಾಕುವುದು, ಮಂಡಿಯೂರುವುದು, ತಿರುಗುವುದು. ಕೈಗೆ ಇರುವ ಪಟ್ಟಿ ಇನ್ನೂ ಮನೆಮಾತಿನದು. ತಲೆಯ ಮೇಲಿನ ವಸ್ತು ಎತ್ತಿಕೊಳ್ಳುವುದು, ಕೈಯಿಂದ ಊಟ ಮಾಡುವುದು, ತಲೆ ಬಾಚಿ ಜಡೆ ಹೆಣೆಯುವುದು, ಅಂಗಿ ತೊಡುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಲೋಟ ಹಿಡಿದು ನೀರು ಕುಡಿಯುವುದು, ಶೌಚದ ನಂತರ ತೊಳೆದುಕೊಳ್ಳುವುದು. ಇಂಥ ಹತ್ತು ಕೆಲಸಗಳಿಗೆ ತಲಾ ಒಂಬತ್ತು ಅಂಕ.

‘ಮಾಡುತ್ತೀರಾ?’ ಎಂಬ ಪ್ರಶ್ನೆಯ ಅರ್ಥ ‘ಯಾರ ಸಹಾಯವೂ ಇಲ್ಲದೆ, ದಿನನಿತ್ಯ, ಬೀಳುವ ಭಯವಿಲ್ಲದೆ ಮಾಡುತ್ತೀರಾ?’ ಎಂದು. ಹಬ್ಬದ ದಿನ ಒಮ್ಮೆ ಹಲ್ಲು ಕಚ್ಚಿ ಚಕ್ಕಂಬಟ್ಟಲು ಹಾಕಿದ್ದು ‘ಹೌದು’ ಎಂಬ ಉತ್ತರವಲ್ಲ. ಬಚ್ಚಲಿನಲ್ಲಿ ಬಿದ್ದದ್ದು ಯಾವಾಗ, ರಾತ್ರಿ ಎಷ್ಟು ಬಾರಿ ಎಬ್ಬಿಸುತ್ತಾರೆ, ತುತ್ತು ಯಾರು ಕಲೆಸಿ ಕೊಡುತ್ತಾರೆ ಎಂಬುದನ್ನು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಹೋಗಿ. ಶೇಕಡಾವಾರು ನಿರ್ಧಾರವಾಗುವುದು ತಪಾಸಣೆಯಿಂದಲೇ ಹೊರತು ಈ ಬರಹದಿಂದ ಅಲ್ಲ. ಆದರೂ ಹಿರಿಯರು ಸಂಕೋಚದಿಂದ ನುಂಗಿಕೊಳ್ಳುವುದನ್ನು ಆ ಹಾಳೆ ಹೇಳುತ್ತದೆ, ವೈದ್ಯರು ಇನ್ನೊಮ್ಮೆ ಪರೀಕ್ಷಿಸಲು ಕಾರಣವಾಗುತ್ತದೆ. ಸೋದರತ್ತೆಯ ಎರಡನೆಯ ತಪಾಸಣೆಗೆ ಹೀಗೆಯೇ ಹೋದೆವು. ಆ ಸಲ ಬಂದದ್ದು ಶೇ 52.

ಇಳಿವಯಸ್ಸಿನವರಿಗೆ ಒಂದೇ ದೊಡ್ಡ ವೈಕಲ್ಯಕ್ಕಿಂತ ಎರಡು ಮೂರು ಮಧ್ಯಮ ವೈಕಲ್ಯಗಳು ಇರುವುದು ಸಾಮಾನ್ಯ. ಕಾಲು ಸೋತಿದೆ, ಕಿವಿಯೂ ಮಂದವಾಗಿದೆ. ಮನೆಯವರು ಕಾಲನ್ನು ಮಾತ್ರ ತೋರಿಸಿ ಬರುತ್ತಾರೆ. ಇದು ದೊಡ್ಡ ನಷ್ಟ, ಏಕೆಂದರೆ ಹಲವು ವೈಕಲ್ಯಗಳನ್ನು ಸೇರಿಸಿ ಲೆಕ್ಕ ಹಾಕುವ ಸೂತ್ರವಿದೆ. ನೇರವಾಗಿ ಕೂಡುವುದಿಲ್ಲ. ದೊಡ್ಡ ಅಂಕಿಯನ್ನು ತೊಂಬತ್ತರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, ತೊಂಬತ್ತರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸುತ್ತಾರೆ. ಕಾಲಿಗೆ 60, ಕಿವಿಗೆ 45 ಇದೆ ಎಂದುಕೊಳ್ಳಿ. ತೊಂಬತ್ತರಲ್ಲಿ ಅರವತ್ತು ಹೋದರೆ ಮೂವತ್ತು, ಅದನ್ನು ನಲವತ್ತೈದರಿಂದ ಗುಣಿಸಿ ತೊಂಬತ್ತರಿಂದ ಭಾಗಿಸಿದರೆ ಹದಿನೈದು, ಒಟ್ಟು 75. ಕಾಲು ಮಾತ್ರ ತೋರಿಸಿದ್ದರೆ ₹800ರ ವರ್ಗ, ಕಿವಿಯನ್ನೂ ತೋರಿಸಿದ್ದರಿಂದ ₹1,400ರ ವರ್ಗ. ಆದ್ದರಿಂದ ಕಣ್ಣು, ಕಿವಿ, ಕೈಕಾಲು, ನೆನಪು, ಎಲ್ಲವನ್ನೂ ಅರ್ಜಿಯಲ್ಲಿ ನಮೂದಿಸಿ.

ಕಿವಿಯ ವಿಷಯದಲ್ಲಿ ಮಾತು ಕೇಳುವ ತರಂಗಾಂತರಗಳಲ್ಲಿ ಎರಡೂ ಕಿವಿಯಲ್ಲಿ 60 ಡೆಸಿಬೆಲ್‌ನಿಂದ 70 ಡೆಸಿಬೆಲ್‌ವರೆಗೆ ನಷ್ಟವಿದ್ದರೆ ಮಂದಶ್ರವಣ, 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು ಎಂದು ಕಾಯ್ದೆ ಹೇಳುತ್ತದೆ. ಒಂದು ಕಿವಿ ಚೆನ್ನಾಗಿದ್ದರೆ ಈ ದಾರಿ ಕಷ್ಟ. ಕಣ್ಣಿಗೂ ಹಾಗೆಯೇ, ಹೆಚ್ಚು ಚೆನ್ನಾಗಿ ಕಾಣುವ ಕಣ್ಣನ್ನು ಸಾಧ್ಯವಿರುವ ತಿದ್ದುಪಡಿಯ ನಂತರ ಅಳೆಯುತ್ತಾರೆ. ಪೊರೆ ಬಂದಿದೆ ಎಂಬ ಕಾರಣಕ್ಕೆ ಪ್ರಮಾಣಪತ್ರಕ್ಕೆ ಓಡುವ ಬದಲು ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿ. ಕಾಣುವ ಕಣ್ಣಿಗಿಂತ ದೊಡ್ಡ ಸವಲತ್ತು ಇಲ್ಲ.

ಪಾರ್ಶ್ವವಾಯು ಆದವರ ಮನೆಯವರು ಆಸ್ಪತ್ರೆಯಿಂದ ಬಿಡುಗಡೆಯಾದ ವಾರದಲ್ಲೇ ಅರ್ಜಿ ಹಾಕಿ ನಿರಾಶರಾಗುತ್ತಾರೆ. ಮೊದಲ ತಿಂಗಳುಗಳಲ್ಲಿ ಚೇತರಿಕೆ ಆಗುತ್ತಲೇ ಇರುತ್ತದೆ, ಸ್ಥಿತಿ ಒಂದು ಹಂತಕ್ಕೆ ನಿಂತ ಮೇಲೆಯೇ ವೈದ್ಯರು ಅಳೆಯಲು ಒಪ್ಪುತ್ತಾರೆ. ಮುಂದೆ ಬದಲಾಗಬಹುದು ಎನಿಸಿದರೆ ಅವಧಿ ಬರೆದ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅವಧಿ ಮುಗಿದರೆ ಮಾಸಾಶನವೂ ನಿಲ್ಲುವ ಅಪಾಯವಿದೆ.

ಮಾಸಾಶನ ಬದಲಾಗದಿದ್ದರೂ ಕಾರ್ಡ್ ಏಕೆ ಬೇಕು

ಶೇ 74ರ ಒಳಗಿನವರಿಗೆ ಸಂಧ್ಯಾ ಸುರಕ್ಷೆಯೇ ಲಾಭ ಎಂದ ಮೇಲೆ ಇಷ್ಟು ಓಡಾಟ ಯಾಕೆ ಎಂದು ನೀವು ಕೇಳಬಹುದು. ರೈಲಿನ ಉದಾಹರಣೆ ನೋಡಿ. ಹಿರಿಯ ನಾಗರಿಕರಿಗೆ ಇದ್ದ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು. ಅಂಗವಿಕಲರ ರಿಯಾಯಿತಿ ನಿಲ್ಲಲಿಲ್ಲ. ಸಹಾಯಕರಿಲ್ಲದೆ ಪ್ರಯಾಣಿಸಲಾಗದ ಕೈಕಾಲು ವೈಕಲ್ಯದವರಿಗೆ ಮತ್ತು ಪೂರ್ಣ ದೃಷ್ಟಿ ಕಳೆದುಕೊಂಡವರಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಹವಾನಿಯಂತ್ರಿತ ಬೋಗಿಯಲ್ಲಿ ಶೇ 75ರಷ್ಟು ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ವಯಸ್ಸಿನ ಹೆಸರಿನಲ್ಲಿ ಕೊಟ್ಟದ್ದನ್ನು ಒಂದು ಆದೇಶದಿಂದ ಹಿಂದೆಗೆದುಕೊಳ್ಳಲಾಯಿತು, ಅಂಗವೈಕಲ್ಯದ ಹೆಸರಿನಲ್ಲಿ ಕೊಟ್ಟದ್ದು ಉಳಿಯಿತು. ಇದಕ್ಕೆ ಸರ್ಕಾರಿ ವೈದ್ಯರು ರೈಲ್ವೆಯ ನಮೂನೆಯಲ್ಲಿ ಬರೆದುಕೊಟ್ಟ ಪತ್ರ ಮತ್ತು ರೈಲ್ವೆಯ ಗುರುತಿನ ಚೀಟಿ ಪ್ರತ್ಯೇಕವಾಗಿ ಬೇಕಾಗುತ್ತವೆ ಎಂಬುದು ನೆನಪಿರಲಿ. ಬಸ್ಸಿನಲ್ಲಿ ಅರವತ್ತು ದಾಟಿದವರಿಗೆ ಶೇ 25 ರಿಯಾಯಿತಿ ಇದ್ದೇ ಇದೆ. ಮಹಿಳೆಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳ ಮಟ್ಟಿಗೆ ಈ ಹೋಲಿಕೆಯೇ ಬೇಕಿಲ್ಲ.

ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರಗಳ ವಿಷಯದಲ್ಲಿ ಮಾತ್ರ ವಯಸ್ಸಿನ ದಾರಿಯೇ ಸುಲಭ. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಅರವತ್ತು ದಾಟಿದ, ಬಿಪಿಎಲ್ ಕುಟುಂಬದ ಅಥವಾ ತಿಂಗಳಿಗೆ ₹15,000 ಒಳಗಿನ ಆದಾಯದ ಹಿರಿಯರಿಗೆ ಶಿಬಿರಗಳಲ್ಲಿ ಉಪಕರಣಗಳನ್ನು ಉಚಿತವಾಗಿ ಕೊಡುತ್ತದೆ. ಕನ್ನಡಕ, ಕೃತಕ ದಂತಪಂಕ್ತಿ ಕೂಡ ಅದರಲ್ಲಿವೆ, ಶೇ 40ರ ಪ್ರಮಾಣಪತ್ರ ಬೇಕಿಲ್ಲ. ಅಂಗವಿಕಲರಿಗಾಗಿಯೇ ಇರುವ ಅಡಿಪ್ ಯೋಜನೆಗೆ ಶೇ 40ರ ಪ್ರಮಾಣಪತ್ರ ಬೇಕು. ಆದರೆ ಅದರ ಆದಾಯ ಮಿತಿ ದೊಡ್ಡದು: ತಿಂಗಳಿಗೆ ₹22,500 ಒಳಗಿದ್ದರೆ ಪೂರ್ತಿ ನೆರವು, ₹30,000ದವರೆಗೆ ಅರ್ಧ. ಬಡ ಕುಟುಂಬದವರು ವಯೋಶ್ರೀ ಶಿಬಿರ ಯಾವಾಗ ಎಂದು ವಿಚಾರಿಸಲಿ. ಸಣ್ಣ ಸಂಬಳದ ಮಗನ ಮನೆಯಲ್ಲಿರುವ ಹಿರಿಯರಿಗೆ ಅಡಿಪ್ ಹೊಂದಬಹುದು.

ಇನ್ನು ಮಾಸಾಶನದ ಆದಾಯ ಮಿತಿ ದಾಟಿದ ಮಧ್ಯಮ ವರ್ಗದ ಮನೆಗಳು. ಇವರು ‘ನಮಗೇನೂ ಸಿಗುವುದಿಲ್ಲ’ ಎಂದು ಕೈಬಿಟ್ಟಿರುತ್ತಾರೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇರುವವರಿಗೆ ಅಂಗವೈಕಲ್ಯ ಪ್ರಮಾಣಪತ್ರ ದೊಡ್ಡ ಮೊತ್ತದ ಕಾಗದ. 1961ರ ಕಾಯ್ದೆಯ (2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯ, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ) 80ಯು ಕಲಮಿನಡಿ ಸ್ವತಃ ಅಂಗವಿಕಲರಾದವರು, 80ಡಿಡಿ ಅಡಿ ಅವಲಂಬಿತರನ್ನು ನೋಡಿಕೊಳ್ಳುವವರು ತಮ್ಮ ಆದಾಯದಿಂದ ₹75,000 ಕಳೆದು ತೋರಿಸಬಹುದು. ವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ ₹1,25,000. ಖರ್ಚು ಎಷ್ಟಾಯಿತು ಎಂಬುದು ಲೆಕ್ಕಕ್ಕಿಲ್ಲ, ಮೊತ್ತ ನಿಗದಿತ. ಒಬ್ಬ ವ್ಯಕ್ತಿಯ ವೈಕಲ್ಯಕ್ಕೆ ಎರಡನ್ನೂ ಬಳಸುವಂತಿಲ್ಲ. ಆದ್ದರಿಂದ ಪ್ರಶ್ನೆ ಇಷ್ಟೆ: ತೆರಿಗೆ ಕಟ್ಟುತ್ತಿರುವವರು ಯಾರು? ನಿವೃತ್ತಿ ವೇತನ ಪಡೆದು ತೆರಿಗೆ ಕಟ್ಟುವ ತಂದೆಯಾದರೆ ಅವರೇ 80ಯು ಬಳಸಲಿ. ಸ್ವಂತ ಆದಾಯವಿಲ್ಲದ ತಾಯಿಯಾದರೆ ಅವರನ್ನು ಸಾಕುವ ಮಗಳು ಅಥವಾ ಮಗ 80ಡಿಡಿ ಬಳಸಲಿ. ಶೇ 40ಕ್ಕೆ ಕಡಿಮೆಯಿಲ್ಲದ ಡಿಮೆನ್ಶಿಯ ಅಥವಾ ಪಾರ್ಕಿನ್ಸನ್ಸ್ ಇರುವ ಹಿರಿಯರ ಚಿಕಿತ್ಸೆಯ ಖರ್ಚಿಗೆ 80ಡಿಡಿಬಿ ಅಡಿ ₹1,00,000ದವರೆಗೆ ಪ್ರತ್ಯೇಕ ಕಡಿತವೂ ಇದೆ. ಹೊಸ ಪದ್ಧತಿಗೆ ಹೋಗುವ ಮೊದಲು ಇದನ್ನೆಲ್ಲ ಒಮ್ಮೆ ಕೂಡಿ ಕಳೆದು ನೋಡಿ.

ಆರೈಕೆ ಮಾಡುವವರಿಗೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು, ಅದು ನನ್ನನ್ನು ಬೇಸರಪಡಿಸುತ್ತದೆ. 2016ರ ಕಾಯ್ದೆ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ, 38ನೆಯ ಕಲಮಿನಡಿ ಅಂಥ ಆಸರೆಗಾಗಿ ಅರ್ಜಿ ಹಾಕಲು ಅವಕಾಶ ಕೊಡುತ್ತದೆ. ಕರ್ನಾಟಕ ಸರ್ಕಾರ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ₹1,000 ಪ್ರಕಟಿಸಿದೆ. ಮನೆಯಲ್ಲಿ ಪಾರ್ಕಿನ್ಸನ್ಸ್ ಇರುವ ಹಿರಿಯರಿದ್ದರೆ ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ಇದನ್ನು ಕೇಳಲೇಬೇಕು. ಪಾರ್ಶ್ವವಾಯು ಆದವರನ್ನು ಹಗಲಿರುಳು ಮಗ್ಗುಲು ಬದಲಿಸುವ ಸೊಸೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಇರಬೇಕಿತ್ತು.

ಅರ್ಜಿ ಎಲ್ಲಿ, ಹೇಗೆ

ಸಂಧ್ಯಾ ಸುರಕ್ಷೆಗೆ ಮತ್ತು ಅಂಗವಿಕಲರ ಮಾಸಾಶನಕ್ಕೆ ನಾಡಕಚೇರಿಯೇ ಬಾಗಿಲು. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ವರದಿಯ ಮೇಲೆ ಮಂಜೂರಾತಿ ಆಗುತ್ತದೆ. ಕಂದಾಯ ಇಲಾಖೆಯ ಸಹಾಯವಾಣಿ 155245ಕ್ಕೆ ಕರೆ ಮಾಡಿಯೂ ಶುರು ಮಾಡಬಹುದು, ನಡೆದಾಡಲಾಗದ ಹಿರಿಯರಿಗೆ ಇದು ಒಳ್ಳೆಯದು. ಪ್ರಮಾಣಪತ್ರಕ್ಕೆ ಸ್ವಾವಲಂಬನ್ ಜಾಲತಾಣದಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್‌ನ ಅರ್ಜಿ ಹಾಕಬೇಕು. 2021ರ ಜೂನ್‌ನಿಂದ ಪ್ರಮಾಣಪತ್ರ ಆ ಜಾಲತಾಣದ ಮೂಲಕವೇ ಬರುತ್ತದೆ, ಹಳೆಯ ಕಾಗದದ ಪುಸ್ತಕ ಇಟ್ಟುಕೊಂಡವರೂ ಇದಕ್ಕೆ ಬದಲಾಯಿಸಿಕೊಳ್ಳಬೇಕು. ವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡ್, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ.

ಮೊಬೈಲ್‌ನಲ್ಲಿ ಇದನ್ನೆಲ್ಲ ಮಾಡಲು ಬಾರದಿದ್ದರೆ ಚಿಂತೆ ಬೇಡ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನ ಅವರನ್ನು ವಿಆರ್‌ಡಬ್ಲ್ಯೂ ಎನ್ನುತ್ತಾರೆ. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ನಗರಕ್ಕೆ ಯುಆರ್‌ಡಬ್ಲ್ಯೂ. ಸಾಮಾನ್ಯವಾಗಿ ಅವರೂ ಅಂಗವಿಕಲರೇ ಆಗಿರುವುದರಿಂದ ನಿಮ್ಮ ಮನೆಯ ಸಂಕಟ ಅವರಿಗೆ ವಿವರಿಸಬೇಕಾಗಿಲ್ಲ. ಯಾವ ಆಸ್ಪತ್ರೆಯಲ್ಲಿ ಯಾವ ದಿನ ಯಾವ ತಜ್ಞರು ಕೂರುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಹಾಸಿಗೆ ಹಿಡಿದವರನ್ನು ಕರೆದೊಯ್ಯುವುದು ಹೇಗೆ ಎಂಬುದನ್ನೂ ಅವರನ್ನೇ ಕೇಳಿ. ಅವರಿಗೆ ಸಿಗುವುದು ಅಲ್ಪ ಗೌರವಧನ, ಗೌರವದಿಂದ ಮಾತಾಡಿಸಿ.

ಹೆಬ್ಬೆರಳ ಗೆರೆ ಸವೆದ ಹಿರಿಯರಿಗೆ ಬೆರಳಚ್ಚು ಹೊಂದುವುದಿಲ್ಲ. ಅರ್ಜಿಯ ಮೊದಲೇ ಆಧಾರ್ ಕೇಂದ್ರಕ್ಕೆ ಹೋಗಿ ಕಣ್ಣಿನ ಪಾಪೆಯ ಗುರುತು ಮತ್ತು ಮೊಬೈಲ್ ಸಂಖ್ಯೆಯನ್ನು ಸರಿಪಡಿಸಿಕೊಂಡರೆ ಮುಂದಿನ ಎಷ್ಟೋ ಅಲೆದಾಟ ತಪ್ಪುತ್ತದೆ. ಆಧಾರ್‌ನಲ್ಲಿ ಅಂದಾಜಿಗೆ ಬರೆಸಿದ ವಯಸ್ಸು ನಿಜವಾದ ವಯಸ್ಸಿಗಿಂತ ಕಡಿಮೆ ಇದ್ದರೆ ಅದೂ ಈಗಲೇ ಸರಿಯಾಗಲಿ. ಅರವತ್ತೇಳರವರು ದಾಖಲೆಯಲ್ಲಿ ಅರವತ್ತೆರಡಾಗಿದ್ದರೆ ಸಂಧ್ಯಾ ಸುರಕ್ಷೆ ಕೈತಪ್ಪುತ್ತದೆ.

ಶೇಕಡಾವಾರು ಕಡಿಮೆ ಬಂದರೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಪ್ರಮಾಣೀಕರಿಸುವ ಪ್ರಾಧಿಕಾರದ ನಿರ್ಧಾರದಿಂದ ಬಾಧಿತರಾದವರು ಮೇಲ್ಮನವಿ ಸಲ್ಲಿಸಬಹುದು ಎಂದು ಕಾಯ್ದೆಯ 59ನೆಯ ಕಲಮು ಹೇಳುತ್ತದೆ. ಜಗಳದ ದನಿ ಬೇಡ. ಯಾವ ಚಲನೆ ಪರೀಕ್ಷೆಯಾಗಲಿಲ್ಲ, ಯಾವ ವೈಕಲ್ಯ ಲೆಕ್ಕಕ್ಕೆ ಬರಲಿಲ್ಲ, ಯಾವ ಎಕ್ಸ್‌-ರೇ ಅಥವಾ ಶ್ರವಣ ಪರೀಕ್ಷೆಯ ವರದಿ ಅಂದು ಇರಲಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು ಲಗತ್ತಿಸಿ. ಎರಡನೆಯ ಬಾರಿ ಹೋಗುವಾಗ ಹಿರಿಯರಿಗೆ ಮನೆಯಲ್ಲಿ ಉಡುವ ಬಟ್ಟೆಯನ್ನೇ ಉಡಿಸಿ, ದಿನವೂ ಹಿಡಿಯುವ ಕೋಲನ್ನೇ ಕೈಗೆ ಕೊಡಿ, ಮತ್ತು ವೈದ್ಯರು ಪ್ರಶ್ನೆ ಕೇಳಿದಾಗ ಅವರ ಪಕ್ಕದಲ್ಲಿ ನಿಂತಿರಿ.